ಓಡುವ ಮೊದಲು ನಿಲ್ಲಲು ಕಲಿಯಲಿ ಕಾರು

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಮನೆಯಂಗಳಗಳಲ್ಲಿ ರಜೆಯ ದಿನ ಹಳೆಯ ಕಾರಿನ ಬಾನೆಟ್ ಎತ್ತಿ, ಕೈಗೆ ಗ್ರೀಸ್ ಮೆತ್ತಿಕೊಂಡು ನಿಂತ ಯುವಕರನ್ನು ನಾವೆಲ್ಲ ಕಂಡಿದ್ದೇವೆ. ಈ ಹವ್ಯಾಸ ಒಳ್ಳೆಯದೇ. ಯಂತ್ರದ ಅರಿವು ಬರುತ್ತದೆ, ಹಣ ಉಳಿಯುತ್ತದೆ, ತಾಳ್ಮೆಯೂ ಕಲಿತಂತಾಗುತ್ತದೆ. ಆದರೆ ಅದೇ ಕಾರಿನಲ್ಲಿ ನಾಳೆ ಅಮ್ಮ, ತಂಗಿ, ಅಕ್ಕಪಕ್ಕದ ಮಕ್ಕಳೂ ಕೂರುತ್ತಾರೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕೆಲವು ಮಾತು.

ಎಲ್ಲರಿಗೂ ಪರಿಚಿತವಾದ ಮಾರುತಿ 800 ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಸುಮಾರು 650 ಕಿಲೋ ತೂಕ, ಸರಳ ರಚನೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ.

ಕಳೆದುಹೋದ ಬಲ ಮರಳಿ ಪಡೆಯಿರಿ

"ಕಾರಿಗೆ ಪಿಕಪ್ ಇಲ್ಲ" ಎನ್ನುವವರು ಮೊದಲು ನೋಡುವುದು ಅಗಲ ಟೈರು, ದೊಡ್ಡ ಸದ್ದಿನ ಸೈಲೆನ್ಸರ್. ನಿಜವಾಗಿ ಹಳೆಯ ಕಾರಿನ ಬಲ ಸೋರಿಹೋಗುವುದು ಸಣ್ಣ ಸಣ್ಣ ಕಡೆಗಳಲ್ಲಿ. ಧೂಳು ಕಟ್ಟಿದ ಏರ್ ಫಿಲ್ಟರ್, ಸವೆದ ಪ್ಲಗ್, ಸರಿಯಿಲ್ಲದ ಟ್ಯಾಪೆಟ್, ಗಾಳಿ ಕಡಿಮೆಯಾದ ಟೈರು, ಹಿಡಿದುಕೊಂಡ ಬ್ರೇಕು, ಇವಿಷ್ಟೂ ಸೇರಿ ಎಂಜಿನ್ನನ್ನು ಸುಸ್ತು ಮಾಡುತ್ತವೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿಯುತ್ತಿದೆ ಎಂದೇ ತಿಳಿಯಿರಿ. ಇವನ್ನೆಲ್ಲ ಸರಿಪಡಿಸಿದರೆ ಕಂಪನಿ ಕೊಟ್ಟ ಬಲ ಬಹುಮಟ್ಟಿಗೆ ಮರಳಿ ಸಿಗುತ್ತದೆ. ಇದಕ್ಕಿಂತ ಅಗ್ಗದ ಸುಧಾರಣೆ ಬೇರೊಂದಿಲ್ಲ.

ಹೊಸದಾಗಿ ಸೇರಿಸುವ ವಸ್ತುಗಳ ಲೆಕ್ಕವೇ ಬೇರೆ. ಚಕ್ರದ ಒಟ್ಟು ಎತ್ತರ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಸ್ಪೀಡೋಮೀಟರ್ 60 ತೋರಿಸುವಾಗ ಕಾರು 66ರಲ್ಲಿ ಓಡುತ್ತಿರುತ್ತದೆ. ಏರು ಹತ್ತುವಾಗ ಎಳೆತವೂ ಕುಗ್ಗುತ್ತದೆ. ಕಾರ್ಬ್ಯುರೇಟರ್ ಇರುವ ಎಂಜಿನ್ನಿಗೆ ಹೆಚ್ಚು ಗಾಳಿ ಎಳೆಯುವ ಫಿಲ್ಟರ್ ಹಾಕಿ, ಅದಕ್ಕೆ ತಕ್ಕಂತೆ ಪೆಟ್ರೋಲಿನ ಜೆಟ್ ಹೊಂದಿಸದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಕಾರು ತಗ್ಗಿ ಕಾಣಲೆಂದು ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಹೊಂಡಕ್ಕೆ ಬಿದ್ದು ಎದ್ದಾಗ ಅದು ತನ್ನ ಸ್ಥಾನದಿಂದ ಜಾರಬಹುದು.

ನಿಲ್ಲುವ ಲೆಕ್ಕ

ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒಣ ರಸ್ತೆಯಲ್ಲಿ, ಟೈರು ಬ್ರೇಕು ಚೆನ್ನಾಗಿರುವ ಕಾರು ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 9 ಮೀಟರ್ ಬೇಕು, 80 ಕಿ.ಮೀ. ವೇಗದಿಂದ ಸುಮಾರು 36 ಮೀಟರ್. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಇನ್ನೂ 22 ಮೀಟರ್ ಸೇರಿಸಿಕೊಳ್ಳಿ. ನಮ್ಮ ಆಟಿಯ ಮಳೆಯಲ್ಲಿ ಈ ದೂರ ಮತ್ತೂ ಬೆಳೆಯುತ್ತದೆ. ಎಂಜಿನ್ನಿನ ಬಲ ಹೆಚ್ಚಿಸಿ ಬ್ರೇಕು ಹಾಗೆಯೇ ಬಿಟ್ಟವನು ಈ ಲೆಕ್ಕವನ್ನು ಮರೆತಿದ್ದಾನೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸಮುದ್ರ ತೀರದ ನಮ್ಮಲ್ಲಿ ತೇವಕ್ಕೆ ಕೊರತೆಯಿಲ್ಲ. ನೀರು ಸೇರಿದ ಆಯಿಲ್ ಬಿಸಿಯಾದಾಗ ಆವಿಯಾಗಿ, ಪೆಡಲ್ ಒತ್ತಿದರೂ ಬ್ರೇಕು ಹಿಡಿಯದೆ ಹೋಗಬಹುದು. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಿ.

ಅಂಗಳದ ಕೆಲಸ, ಗ್ಯಾರೇಜಿನ ಕೆಲಸ

ಎಂಜಿನ್ ಆಯಿಲ್, ಫಿಲ್ಟರ್, ಪ್ಲಗ್, ಬ್ಯಾಟರಿ ಟರ್ಮಿನಲ್, ವೈಪರ್, ಬಲ್ಬು, ಇವು ಮನೆಯಲ್ಲೇ ಆಗುವ ಕೆಲಸಗಳು. ಹೆಡ್‌ಲೈಟ್ ಮಂಕಾಗಿದ್ದರೆ ಹೆಚ್ಚು ವ್ಯಾಟ್ ಬಲ್ಬು ಹಾಕಿ ಹೋಲ್ಡರ್ ಸುಡಬೇಡಿ. ಸರಿಯಾದ ದಪ್ಪದ ವೈರು, ಫ್ಯೂಸ್, ರಿಲೇ ಹಾಕಿಸಿದರೆ ಮೊದಲಿನ ಬಲ್ಬೇ ಚೆನ್ನಾಗಿ ಉರಿಯುತ್ತದೆ. ತೆಗೆದ ಹಳೆಯ ಆಯಿಲನ್ನು ತೋಟಕ್ಕೆ ಚೆಲ್ಲಬಾರದು, ಬಾವಿಯ ನೀರು ಕೆಡುತ್ತದೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಬ್ರೇಕು, ಸ್ಟೀರಿಂಗ್, ಟೈಮಿಂಗ್ ಬೆಲ್ಟ್, ಚಾಸಿಸ್ ವೆಲ್ಡಿಂಗ್ ಇವುಗಳನ್ನು ಮಾತ್ರ ಪಳಗಿದ ಮೆಕ್ಯಾನಿಕರಿಗೆ ಬಿಡಿ. ಜೊತೆಗೆ ನಿಂತು ನೋಡಿ ಕಲಿಯಲು ಅಡ್ಡಿಯಿಲ್ಲ. ಬರೇ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ಎಂದೂ ನುಸುಳಬೇಡಿ. ನಮ್ಮಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು. ಭಾರಕ್ಕೆ ಅದು ಸದ್ದಿಲ್ಲದೆ ಪುಡಿಯಾಗುತ್ತದೆ. ಗಟ್ಟಿ ನೆಲ, ಕಬ್ಬಿಣದ ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಟ್ಟೆ, ಹತ್ತಿರ ಇನ್ನೊಬ್ಬರು, ಈ ನಾಲ್ಕೂ ಇರಲೇಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯುವ ಆತುರವೂ ಬೇಡ.

ಆರ್‌ಸಿ ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಎಂಜಿನ್ ಬದಲಾವಣೆಗೆ ಆರ್‌ಟಿಓ ಅನುಮತಿ ಬೇಕು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ದಾಖಲಾಗಬೇಕು.

ಗಡಿನಾಡಿನ ನಮಗೆ ಇನ್ನೂ ಒಂದು ಮಾತು. ಮಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೆಎ 19 ಕಾರು ತಂದವರು, ಅದನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಕೇರಳದ ನೋಂದಣಿ ಮಾಡಿಸಬೇಕು. ಹಿಂದಿನ ಮಾಲೀಕ ಸದ್ದಿಲ್ಲದೆ ಎಂಜಿನ್ ಬದಲಿಸಿದ್ದರೆ ಆಗ ನಂಬರು ತಾಳೆಯಾಗುವುದಿಲ್ಲ. ಮುಂಗಡ ಕೊಡುವ ಮೊದಲೇ ಎಂಜಿನ್ ಮತ್ತು ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ನೀವೇ ಹೋಲಿಸಿ ನೋಡಿ.

ಕೊನೆಯದಾಗಿ, ಕೈಯಲ್ಲಿ ಹಣ ಇದ್ದಷ್ಟೂ ಈ ಕ್ರಮದಲ್ಲಿ ಖರ್ಚು ಮಾಡಿ: ಮೊದಲು ಬ್ರೇಕು, ಆಮೇಲೆ ಟೈರು, ಆಮೇಲೆ ಸ್ಟೀರಿಂಗ್ ಮತ್ತು ಶಾಕ್ ಅಬ್ಸಾರ್ಬರ್, ಆಮೇಲೆ ರೇಡಿಯೇಟರ್, ದೀಪ. ಎಂಜಿನ್ನಿನ ಸರದಿ ಇವೆಲ್ಲ ಆದ ಮೇಲೆ. ಹೆತ್ತವರೂ ಅಷ್ಟೇ, ಮಗ ಕಾರಿನ ಅಡಿ ಮಲಗಿದ್ದಾನೆಂದು ಬರಿದೇ ಗದರಿಸುವ ಬದಲು, ಮುಂದಿನ ಹುಟ್ಟುಹಬ್ಬಕ್ಕೆ ಅವನಿಗೆ ಒಂದು ಜೊತೆ ಗಟ್ಟಿ ಸ್ಟ್ಯಾಂಡು ತೆಗೆದುಕೊಡಿ.