ನೆಲದಡಿಯ ರೇಡಾನ್ ಮತ್ತು ಗೋಡೆಯ ಬೂಷ್ಟು: ಗೃಹನಿರ್ಮಾಣದಲ್ಲಿ ವಹಿಸಬೇಕಾದ ಎಚ್ಚರ

ಚಾಮರಾಜನಗರ, ಗುಂಡ್ಲುಪೇಟೆಗಳ ನಡುವಣ ಹರವೆ ಸೀಮೆಯಲ್ಲಿ, ನಾಡಿನ ಇತರ ಗ್ರಾಮಗಳಲ್ಲಿರುವಂತೆಯೇ, ಮಣ್ಣಿನ ಗೋಡೆಯ ಹೆಂಚಿನ ಮನೆಗಳು ಅಳಿದು ತಾರಸಿಯ ಮನೆಗಳು ಏಳುತ್ತಿವೆ. ಹಳೆಯ ಮನೆಯಲ್ಲಿ ಹೆಂಚಿನ ಸಂದುಗಳಿಂದ ಹಗಲಿರುಳೂ ಗಾಳಿಯಾಡುತ್ತಿತ್ತು. ಹೊಸ ಮನೆಯಲ್ಲಿ ಕಿಟಕಿ ಮುಚ್ಚಿದರೆ ಗಾಳಿಯ ಸಂಚಾರ ಬಹುಮಟ್ಟಿಗೆ ನಿಂತಂತೆಯೇ. ಈ ಮಾರ್ಪಾಡಿನಿಂದ ಭದ್ರತೆಯೂ ಸೌಕರ್ಯವೂ ಹೆಚ್ಚಿದುದು ನಿಜ. ಆದರೆ ನೆಲದಿಂದ ಮೇಲೇರುವ ರೇಡಾನ್ ಅನಿಲವೂ ತೇವವೂ ಒಳಗೇ ಉಳಿಯುವ ಅವಕಾಶ ಜೊತೆಜೊತೆಗೆ ಹೆಚ್ಚಿತು. ಇವೆರಡನ್ನೂ ಮನೆ ಕಟ್ಟುವಾಗಲೇ ತಡೆಯುವ ಬಗೆಯನ್ನು ಇಲ್ಲಿ ವಿವೇಚಿಸುತ್ತೇವೆ.

ಎಲ್ಲ ಕಲ್ಲುಮಣ್ಣುಗಳಲ್ಲಿಯೂ ಯುರೇನಿಯಂ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅದು ಹಂತಹಂತವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿ ರೇಡಾನ್ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದರ ಅರ್ಧಾಯು 3.82 ದಿನ, ಮಣ್ಣಿನ ರಂಧ್ರಗಳಲ್ಲಿ ಸಂಚರಿಸಿ ಮನೆಯನ್ನು ಸೇರಲು ಅಷ್ಟು ಕಾಲ ಸಾಕು. ಅಪಾಯವು ಮುಖ್ಯವಾಗಿ ಅದರ ಸಂತತಿಯಿಂದ ಬರುತ್ತದೆ. ರೇಡಾನ್ ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ ಮೊದಲಾದವು ಧೂಳಿಗಂಟಿ, ಉಸಿರಿನೊಡನೆ ಶ್ವಾಸಕೋಶವನ್ನು ಸೇರಿ, ಅಲ್ಲಿಯ ಜೀವಕೋಶಗಳಿಗೆ ಆಲ್ಫಾ ಕಣಗಳಿಂದ ಹಾನಿಮಾಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ರೇಡಾನನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಮನೆಯ ಗಾಳಿಯಲ್ಲಿ ಅದು ಘನಮೀಟರಿಗೆ 100 ಬೆಕರೆಲ್ ಮೀರದಿರುವುದು ಲೇಸೆಂದೂ, ಅದು ಸಾಧ್ಯವಾಗದೆಡೆ 300ನ್ನಂತೂ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿತು. ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕರೆಲ್.

ಈ ಜಿಲ್ಲೆ ಕರಿಕಲ್ಲಿಗೆ ಹೆಸರಾದುದು. ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎನಿಸಿಕೊಂಡರೂ ಶಿಲಾಶಾಸ್ತ್ರದ ದೃಷ್ಟಿಯಿಂದ ಇದು ಡಾಲರೈಟ್ ಜಾತಿಯದು. ಇಂಥ ಶಿಲೆಗಳಲ್ಲಿ ಯುರೇನಿಯಂ ನಿಜವಾದ ಗ್ರಾನೈಟಿನಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಕಡಮೆ. ಆದರೂ ಹಾಸುಗಲ್ಲಿನ ಬಣ್ಣವನ್ನು ನೋಡಿ ನಿಶ್ಚಿಂತರಾಗಿರುವುದು ಸರಿಯಲ್ಲ. ಬಹುತೇಕ ಮನೆಗಳಲ್ಲಿ ರೇಡಾನಿನ ಮುಖ್ಯ ಮೂಲ ಅಡಿಯ ಮಣ್ಣೇ. ರಾತ್ರಿ ಹೊರಗೆ ತಂಪಾದಾಗ ಒಳಗಿನ ಬೆಚ್ಚನೆಯ ಗಾಳಿ ಮೇಲೇರಿ ಹೊರಹೋಗುತ್ತದೆ. ಆ ಕೊರತೆಯನ್ನು ತುಂಬಲು ನೆಲದ ಬಿರುಕು, ಗೋಡೆಯೂ ನೆಲವೂ ಕೂಡುವ ಸಂದು, ಕೊಳವೆಗಳ ಸುತ್ತಣ ತೆರಪು, ಇವುಗಳ ಮೂಲಕ ಮಣ್ಣಿನೊಳಗಿನ ಗಾಳಿ ನುಗ್ಗುತ್ತದೆ.

ತೇವಕ್ಕೂ ನೆಲವೇ ಒಂದು ದಾರಿ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಇಟ್ಟಿಗೆ ಗೋಡೆ ತಳಪಾಯದಿಂದ ನೀರನ್ನು ಹೀರುತ್ತದೆ. ತಾರಸಿಯ ಸೋರಿಕೆ, ಬಚ್ಚಲಿನ ನೀರು, ಅಡುಗೆಯ ಹಬೆ ಇದಕ್ಕೆ ಸೇರುತ್ತವೆ. ತೇವ ನಿಂತಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಬೀಜಕಣಗಳು ಗೂರಲಿನವರನ್ನೂ ಮಕ್ಕಳನ್ನೂ ವಿಶೇಷವಾಗಿ ಬಾಧಿಸುತ್ತವೆ. ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಮರೆಯಾದೀತೇ ಹೊರತು ಅಳಿಯದು.

ದಾರಿಯು ಒಂದೇ ಆದುದರಿಂದ ತಡೆಯನ್ನೂ ಬಹುಪಾಲು ಒಂದೇ ಕೆಲಸದಲ್ಲಿ ಸಾಧಿಸಬಹುದು. ನೆಲಗಟ್ಟಿನ ಕೆಳಗೆ ಸುಮಾರು 10 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿಯನ್ನು ಹರಡಿ, ಅದರ ಮೇಲೆ ದಪ್ಪನೆಯ ಪಾಲಿಥೀನ್ ಹಾಳೆಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿ ಅಂಟಿಸಿ, ಬಳಿಕ ಕಾಂಕ್ರೀಟು ಹಾಕಬೇಕು. ಜಲ್ಲಿಯ ಪದರದಿಂದ ತಾರಸಿಯ ಮೇಲಕ್ಕೆ ಒಂದು ಕೊಳವೆಯನ್ನು ಒಯ್ದರೆ ಅನಿಲಕ್ಕೆ ಹೊರದಾರಿ ದೊರೆಯುತ್ತದೆ. ತಳಪಾಯಕ್ಕೂ ಗೋಡೆಗೂ ನಡುವೆ ನೀರು ಹೀರದ ಪದರವಿರಬೇಕು. ಮಳೆಯ ನೀರು ಗೋಡೆಯ ಬುಡದಲ್ಲಿ ನಿಲ್ಲದೆ ದೂರ ಹರಿಯಬೇಕು. ಗಿಲಾವು ಚೆನ್ನಾಗಿ ಒಣಗುವ ಮೊದಲೇ ಬಣ್ಣ ಬಳಿಯಬಾರದು.

ಹಳೆಯ ಮನೆಯ ದುರಸ್ತಿಯಲ್ಲಿ ಕ್ರಮವು ಮುಖ್ಯ. ಮೊದಲು ಸೋರಿಕೆಯನ್ನು ನಿಲ್ಲಿಸಿ, ಆಮೇಲೆ ಬೂಷ್ಟು ಹಿಡಿದ ಗಿಲಾವನ್ನು ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು ಕೆರೆದು ತೆಗೆಯಬೇಕು. ಹೊಸ ಹಾಸು ಹಾಕುವ ಮುನ್ನ ನೆಲದ ಬಿರುಕುಗಳನ್ನು ತುಂಬಬೇಕು. ಹೆಂಚು ತೆಗೆದು ತಾರಸಿ ಹಾಕುವವರು, ಹೆಂಚಿನ ಸಂದುಗಳು ಮಾಡುತ್ತಿದ್ದ ಕೆಲಸಕ್ಕೆ ಬದಲಾಗಿ ಎದುರುಬದುರಿನ ಗೋಡೆಗಳಲ್ಲಿ ಗವಾಕ್ಷಿಗಳನ್ನು ಇರಿಸಲೇಬೇಕು. ಆದರೆ ಮಳೆಗಾಲದ ಗಾಳಿಯೇ ತೇವವನ್ನು ತರುವುದರಿಂದ ಗವಾಕ್ಷಿಯೊಂದನ್ನೇ ನಂಬಿ ನೆಲವನ್ನು ಅಲಕ್ಷಿಸಲಾಗದು.

ಬೂಷ್ಟು ಕಣ್ಣಿಗೂ ಮೂಗಿಗೂ ತಿಳಿಯುತ್ತದೆ; ರೇಡಾನ್ ತಿಳಿಯದು. ಬೂಷ್ಟಿಲ್ಲದ ಮನೆಯಲ್ಲಿಯೂ ಅದು ಇರಬಹುದು. ಅದನ್ನು ಅಳೆದೇ ಅರಿಯಬೇಕು. ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಮೈಸೂರಿನ ಮನೆಗಳಲ್ಲಿ ಇಂಥ ಮಾಪನಗಳನ್ನು ನಡೆಸಿದ್ದಾರೆ. ಆಲ್ಫಾ ಕಣಗಳ ಜಾಡನ್ನು ಹಿಡಿಯುವ ಸಣ್ಣ ಫಿಲ್ಮನ್ನು ಸುಮಾರು ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕಿ, ಕ್ಷಾರದಲ್ಲಿ ಸಂಸ್ಕರಿಸಿ, ಜಾಡುಗಳನ್ನು ಎಣಿಸುವುದು ಇದರ ಒಂದು ವಿಧಾನ. ಹರವೆಯಂತಹ ಗ್ರಾಮದಲ್ಲಿ ಒಂದೇ ಮನೆಯನ್ನು ದುರಸ್ತಿಗೆ ಮೊದಲೂ ಅನಂತರವೂ, ವರ್ಷದ ಅದೇ ಋತುವಿನಲ್ಲಿ, ಅಳೆದು ಹೋಲಿಸುವುದು ನಮ್ಮ ವಿದ್ಯಾರ್ಥಿಗಳಿಗೆ ತಕ್ಕ ಅಭ್ಯಾಸವೆಂದು ನಾವು ಭಾವಿಸುತ್ತೇವೆ. ಕಾಂಕ್ರೀಟು ಬಿದ್ದ ಮೇಲೆ ನೆಲವನ್ನು ಅಗೆದು ಸರಿಪಡಿಸುವುದು ಬಡವರ ಕೈಯಲ್ಲಾಗದ ಕೆಲಸ. ಪಾಯ ತೆಗೆದಾಗಲೇ ಹಾಸುವ ಹಾಳೆಯ ವೆಚ್ಚವಾದರೋ ಮನೆಯ ವೆಚ್ಚದಲ್ಲಿ ಅತಿ ಸಣ್ಣ ಪಾಲು.