ಬೆಂಗಳೂರಿನ ಹೊರವಲಯದಲ್ಲಿ ಶಾಲಾ ಪ್ರವೇಶ: ನೆರೆಹೊರೆ ಎಂದರೆ ಎಷ್ಟು ದೂರ?

ಕರಾವಳಿಯ ಯಾವ ಧರ್ಮಕೇಂದ್ರದಲ್ಲಿ ವಿಚಾರಿಸಿದರೂ ಮಗನೋ ಮಗಳೋ ಬೆಂಗಳೂರಿನಲ್ಲಿರುವ ಹತ್ತಾರು ಕುಟುಂಬಗಳು ಸಿಗುತ್ತವೆ. ಅವರಲ್ಲಿ ಹಲವರ ವಿಳಾಸ ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿ, ಇಲ್ಲವೇ ಪೀಣ್ಯ ದಾಸರಹಳ್ಳಿಯ ಕಡೆಯದು. ಮೊಮ್ಮಕ್ಕಳನ್ನು ಒಂದನೇ ತರಗತಿಗೆ ಸೇರಿಸುವ ಹೊತ್ತಿಗೆ ಊರಿನ ವಿಚಾರಣಾ ಗುರುಗಳಿಗೆ ಫೋನು ಬರುತ್ತದೆ: "ಫಾದರ್, ಅಲ್ಲಿನ ಕಾನ್ವೆಂಟಿಗೆ ಒಂದು ಪತ್ರ ಕೊಡಿ." ಪತ್ರ ಬರೆಯುವುದು ಕಷ್ಟವಲ್ಲ. ಆದರೆ ಆ ಶಾಲೆಯಲ್ಲಿ ಸ್ಥಳವಿದೆಯೇ, ಸ್ಥಳವಿದ್ದರೆ ಅದು ಮೊದಲು ಯಾರಿಗೆ ಸಲ್ಲಬೇಕು, ಮನೆಯ ಪಕ್ಕದ ಮಗುವಿಗೋ, ದೂರದಿಂದ ಪತ್ರ ತಂದವರಿಗೋ ಎಂಬುದು ಪತ್ರದಿಂದ ತೀರ್ಮಾನವಾಗುವ ವಿಷಯವಲ್ಲ. ಇದರ ಹಿಂದಿರುವ ಕಾನೂನು ಮತ್ತು ಲೆಕ್ಕಾಚಾರವನ್ನು ನಮ್ಮ ಓದುಗರಿಗೆ, ವಿಶೇಷವಾಗಿ ಶಾಲಾ ಆಡಳಿತದಲ್ಲಿರುವ ಗುರುಗಳಿಗೂ ಧರ್ಮಭಗಿನಿಯರಿಗೂ ಪಾಲನಾ ಪರಿಷತ್ತಿನ ಸದಸ್ಯರಿಗೂ, ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ಕಡೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಕರಾವಳಿಯ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ ಬೆಂಚು ಇದೆ, ಮಕ್ಕಳಿಲ್ಲ. ಬೆಂಗಳೂರಿನ ಅಂಚಿನಲ್ಲಿ ಮಕ್ಕಳಿದ್ದಾರೆ, ಬೆಂಚಿಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷದಷ್ಟಿದ್ದದ್ದು 2011ರ ಜನಗಣತಿಯಲ್ಲಿ 96 ಲಕ್ಷವಾಯಿತು. ಹತ್ತೇ ವರ್ಷದಲ್ಲಿ ಶೇಕಡಾ 47ರಷ್ಟು ಏರಿಕೆ. ಈ ಏರಿಕೆಯ ದೊಡ್ಡ ಪಾಲು ಬಿದ್ದದ್ದು ನಗರದ ನಡುಭಾಗಕ್ಕಲ್ಲ, ಅಂಚಿಗೆ.

ಆ ಅಂಚು ಹೇಗೆ ಬೆಳೆಯಿತೆಂದು ನೋಡಿದರೆ ಶಾಲೆ ಏಕೆ ಸಾಲದಾಯಿತು ಎಂಬುದು ಅರ್ಥವಾಗುತ್ತದೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಹುಟ್ಟಿದ ಒಂದು ಸಣ್ಣ ವಸಾಹತು. ಇಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಆರಂಭಿಸಿತು. ಪೀಣ್ಯದ ಕೈಗಾರಿಕಾ ಪ್ರದೇಶವೂ ಹೆಚ್ಚು ಕಡಿಮೆ ಆ ಕಾಲದ್ದೇ. ಹೂಡಿ, ವರ್ತೂರು, ಕಾಡುಗೋಡಿ, ದೊಡ್ಡತೋಗೂರು ಇವೆಲ್ಲ ಆಗ ಹಳ್ಳಿಗಳು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಕಟ್ಟಿದ್ದು ಹಳ್ಳಿಯ ಮಕ್ಕಳ ಲೆಕ್ಕ ಹಿಡಿದು. ಕಾರ್ಖಾನೆಗೆ ಜಾಗ ಬಿಟ್ಟರು, ಕಂಪನಿಗೆ ಬಿಟ್ಟರು, ದುಡಿಯಲು ಬರುವವರ ಮಕ್ಕಳಿಗೆ ಶಾಲೆ ಎಲ್ಲಿ ಎಂದು ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಬಿಡಿಎ ಬಡಾವಣೆಯಾದರೆ ನಾಗರಿಕ ಸೌಲಭ್ಯದ ನಿವೇಶನ ಎಂದು ಶಾಲೆಗೆ, ಉದ್ಯಾನಕ್ಕೆ ಜಾಗ ಮೀಸಲಿರುತ್ತದೆ. ರೆವಿನ್ಯೂ ಬಡಾವಣೆಯಲ್ಲಿ ಅಂಥ ಜಾಗವೇ ಇಲ್ಲ, ಗೋಡೆಗೆ ಗೋಡೆ ತಾಗಿಸಿ ಮನೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. ಆದರೆ ಪಾಲಿಕೆಯ ಸ್ವಂತ ಶಾಲೆಗಳು ಬಹುಪಾಲು ಹಳೆಯ ನಗರದೊಳಗೇ ಉಳಿದವು.

ಇನ್ನು ಕಾನೂನು. ಅಮೆರಿಕದಲ್ಲಿರುವಂತೆ ಇಂಥ ಬೀದಿಯ ಮಗು ಇಂಥದೇ ಶಾಲೆಗೆ ಹೋಗಬೇಕೆಂಬ ಕಟ್ಟುನಿಟ್ಟಿನ ವಲಯ ಕರ್ನಾಟಕದಲ್ಲಿಲ್ಲ. ನೆರೆಹೊರೆಯ ಶಾಲೆ ಎಂಬ ಆಶಯವನ್ನು 1964–66ರ ಕೊಠಾರಿ ಆಯೋಗ ಮುಂದಿಟ್ಟಿತ್ತು. ಅದಕ್ಕೆ ಕಾನೂನಿನ ಬಲ ಬಂದದ್ದು 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯಿಂದ. ಅದರಲ್ಲಿ ನೆರೆಹೊರೆ ಎಂಬ ಪದ ಎರಡು ಕೆಲಸ ಮಾಡುತ್ತದೆ. ಇವೆರಡನ್ನು ಜನ ಒಂದೇ ಎಂದು ತಿಳಿಯುವುದರಿಂದಲೇ ಬಹಳಷ್ಟು ಗೊಂದಲ.

ಒಂದನೆಯದು ಸರ್ಕಾರದ ಕರ್ತವ್ಯ. ಒಂದರಿಂದ ಐದನೇ ತರಗತಿಯ ಮಗುವಿಗೆ ಮನೆಯಿಂದ 1 ಕಿಲೋಮೀಟರ್ ನಡೆದು ಹೋಗುವಷ್ಟರಲ್ಲಿ, ಆರರಿಂದ ಎಂಟನೆಯವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಜನದಟ್ಟಣೆ ಇರುವಲ್ಲಿ 6ರಿಂದ 14 ವರ್ಷದ ಮಕ್ಕಳ ಸಂಖ್ಯೆ ನೋಡಿ ಒಂದಕ್ಕಿಂತ ಹೆಚ್ಚು ಶಾಲೆ ತೆರೆಯಬಹುದೆಂದು 2010ರ ಕೇಂದ್ರದ ನಿಯಮಗಳು ಹೇಳುತ್ತವೆ. ಸ್ಥಳೀಯ ಪ್ರಾಧಿಕಾರವು ಮನೆಮನೆ ಸಮೀಕ್ಷೆ ನಡೆಸಿ, ಹುಟ್ಟಿದಂದಿನಿಂದ 14 ವರ್ಷದವರೆಗಿನ ಮಕ್ಕಳ ದಾಖಲೆ ಇಟ್ಟು ಪ್ರತಿವರ್ಷ ತಿದ್ದಬೇಕೆಂಬ ಮಾತೂ ಅಲ್ಲಿದೆ. ಈ ಕೆಲಸ ನೇರವಾಗಿ ನಡೆದರೆ ಐದು ವರ್ಷ ಮುಂದೆ ಎಷ್ಟು ಕೊಠಡಿ ಬೇಕೆಂಬುದು ಇಂದೇ ಗೊತ್ತಾಗುತ್ತದೆ.

ಎರಡನೆಯದು ಖಾಸಗಿ ಶಾಲೆಗೆ ಸಂಬಂಧಿಸಿದ್ದು. ಕಾಯಿದೆಯ 12ನೇ ಕಲಮಿನಂತೆ ಅನುದಾನರಹಿತ ಶಾಲೆಗಳು ಒಂದನೇ ತರಗತಿಯ ಶೇಕಡಾ 25 ಸ್ಥಾನಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಈ ಸ್ಥಾನಗಳ ಹಂಚಿಕೆಯಲ್ಲಿ ಬೆಂಗಳೂರಿನಲ್ಲಿ ನೆರೆಹೊರೆ ಎಂದರೆ ಪಾಲಿಕೆಯ ವಾರ್ಡ್, ಗ್ರಾಮಾಂತರದಲ್ಲಿ ಕಂದಾಯ ಗ್ರಾಮ ಎಂದಾಯಿತು. ನಿಜವಾದ ತೊಡಕು ಇಲ್ಲಿಂದ ಶುರು.

ವಾರ್ಡಿನ ಗೆರೆ ಎಳೆಯುವುದು ಮತದಾರರನ್ನು ಹಂಚಲು, ಮಕ್ಕಳನ್ನು ಹಂಚಲು ಅಲ್ಲ. ರಸ್ತೆಯ ಆಚೆ ಬದಿಯ ಶಾಲೆ ಬೇರೆ ವಾರ್ಡಿನದಾಗಿ, ಎರಡು ಕಿಲೋಮೀಟರ್ ದೂರದ್ದು ಸ್ವಂತ ವಾರ್ಡಿನದಾಗುವುದುಂಟು. ಮೇಲಾಗಿ ವಾರ್ಡುಗಳೂ ನಿಂತಲ್ಲಿ ನಿಂತಿಲ್ಲ. 198 ಇದ್ದದ್ದು 2022ರ ಅಧಿಸೂಚನೆಯಲ್ಲಿ 243 ಆಯಿತು, 2023ರಲ್ಲಿ 225 ಆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು, ಅದೇ ನವೆಂಬರಿನಲ್ಲಿ ಒಟ್ಟು 369 ವಾರ್ಡುಗಳು ನಿಗದಿಯಾದವು. ಈ ಎಲ್ಲ ವಿಂಗಡಣೆಗೂ ಆಧಾರ 2011ರ ಜನಗಣತಿ. ಆ ಲೆಕ್ಕದಲ್ಲಿ 84 ಲಕ್ಷ ಜನರನ್ನು ಹಂಚಿದರೆ 198 ವಾರ್ಡಿದ್ದಾಗ ಸರಾಸರಿ 42 ಸಾವಿರ, 369 ಆದಾಗ 23 ಸಾವಿರದಷ್ಟು. ವಾರ್ಡನ್ನೇ ನೆರೆಹೊರೆ ಎಂದು ಇಟ್ಟುಕೊಂಡರೆ ಮಗುವಿಗೆ ಸಿಗುವ ಶಾಲೆಗಳ ಆಯ್ಕೆ ಅರ್ಧಕ್ಕೆ ಇಳಿಯುತ್ತದೆ. 2011ರಲ್ಲಿ ಹೊಲವಾಗಿದ್ದ ಜಾಗದಲ್ಲಿ ಇಂದು ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್ ಇದ್ದರೂ ಕಾಗದದಲ್ಲಿ ಅದು ಹೊಲವೇ! ಇಲೆಕ್ಟ್ರಾನಿಕ್ ಸಿಟಿಯಂತೂ ಬಿಬಿಎಂಪಿಯ ವಾರ್ಡುಗಳೊಳಗೆ ಸೇರಿಯೇ ಇರಲಿಲ್ಲ. 2013ರಿಂದ ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರವಿದೆ.

ಧರ್ಮಕೇಂದ್ರದ ಗಡಿಯ ಬಗ್ಗೆ ತಿಳಿದಿರುವ ನಮಗೆ ಇದು ಹೊಸ ವಿಷಯವಲ್ಲ. ಧರ್ಮಸಭೆಯ ಕಾನೂನಿನ 518ನೇ ನಿಯಮದಂತೆ ಧರ್ಮಕೇಂದ್ರ ಸಾಮಾನ್ಯವಾಗಿ ಒಂದು ಭೂಪ್ರದೇಶಕ್ಕೆ ಸೇರಿದ್ದು. ಕುಟುಂಬಗಳು ಹೆಚ್ಚಾದಾಗ ಅದನ್ನು ವಿಭಜಿಸುವ ಅಧಿಕಾರ ಧರ್ಮಾಧ್ಯಕ್ಷರದ್ದೇ ಆದರೂ 515ನೇ ನಿಯಮದಂತೆ ಅವರು ಮೊದಲು ಯಾಜಕರ ಪರಿಷತ್ತಿನ ಅಭಿಪ್ರಾಯ ಕೇಳಬೇಕು. ನಮ್ಮ ವಾಳೆಗಳ ಗಡಿ ಬದಲಾಯಿಸುವಾಗಲೂ ಗುರಿಕಾರರನ್ನು ಕರೆದು ಕೂರಿಸದೆ ಮುಂದುವರಿಯುವುದಿಲ್ಲ. ಶಾಲೆಯ ನೆರೆಹೊರೆಯನ್ನು ಬದಲಾಯಿಸುವಾಗ ಪೋಷಕರನ್ನಾಗಲಿ ಶಿಕ್ಷಕರನ್ನಾಗಲಿ ಹೀಗೆ ಕೇಳುವ ಕ್ರಮ ನಮ್ಮಲ್ಲಿ ಬೆಳೆದಿಲ್ಲ. ಇಂಗ್ಲೆಂಡಿನಲ್ಲಿ ಶಾಲೆಯ ಪ್ರವೇಶ ನಿಯಮ ಬದಲಿಸಬೇಕಾದರೆ ಕನಿಷ್ಠ 6 ವಾರ ಸಾರ್ವಜನಿಕ ಸಮಾಲೋಚನೆ ನಡೆಯಬೇಕು. ಪ್ರತಿ ಶಾಲೆ ತಾನು ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತದೆಂದು ಮುಂಚಿತವಾಗಿ ಪ್ರಕಟಿಸಬೇಕು. ಅಲ್ಲಿನ ಕಥೋಲಿಕ ಶಾಲೆಗಳು ದೀಕ್ಷಾಸ್ನಾನ ಪಡೆದ ಮಕ್ಕಳಿಗೆ ಆದ್ಯತೆ ಕೊಡಬಹುದು, ಆದರೆ ಆ ಆದ್ಯತೆಯ ಸಾಲೂ ಬರಹದಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಸಿಂಗಾಪುರದಲ್ಲಿ 1 ಕಿಲೋಮೀಟರ್ ಒಳಗಿನವರು ಮೊದಲು, 2 ಕಿಲೋಮೀಟರ್ ಒಳಗಿನವರು ಆಮೇಲೆ.

ಕರ್ನಾಟಕದಲ್ಲಿ 2019ರಲ್ಲಿ ಆದ ಬದಲಾವಣೆ ದೊಡ್ಡದು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯನ್ನು ಶೇಕಡಾ 25ರ ಹಂಚಿಕೆಗೆ ಪರಿಗಣಿಸುವುದಿಲ್ಲ ಎಂದು ಸರ್ಕಾರ ನಿಯಮ ತಿದ್ದಿತು. ಅದೇ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಿಂದಿನ ವರ್ಷ ರಾಜ್ಯದಲ್ಲಿ ಒಂದೂವರೆ ಲಕ್ಷದಷ್ಟಿದ್ದ ಸ್ಥಾನಗಳು ಹದಿನೇಳು ಸಾವಿರದ ಆಸುಪಾಸಿಗೆ ಕುಸಿದವು. ಸರ್ಕಾರಿ ಶಾಲೆ ಉಳಿಯಲಿ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸರ್ಕಾರಿ ಶಾಲೆ "ಇದೆ" ಎಂಬುದಕ್ಕೂ ಅದರಲ್ಲಿ "ಸ್ಥಳವಿದೆ" ಎಂಬುದಕ್ಕೂ ವ್ಯತ್ಯಾಸವಿದೆ. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂದು ಅದೇ ಕಾಯಿದೆ ಹೇಳುವಾಗ, ಕೊಠಡಿ ತುಂಬಿದ ಶಾಲೆಯನ್ನು ತೋರಿಸಿ ಉಳಿದ ಬಾಗಿಲು ಮುಚ್ಚುವುದು ಸರಿಯೆಂದು ನನಗೆ ತೋರುವುದಿಲ್ಲ. ಮಹಾರಾಷ್ಟ್ರ 2024ರಲ್ಲಿ ಇಂಥದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ.

ನಮ್ಮ ಶಾಲೆಗಳ ಮಾತಿಗೆ ಬರೋಣ. 2014ರ ಮೇ 6ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಅಲ್ಪಸಂಖ್ಯಾತರ ಶಾಲೆಗಳಿಗೆ ಅನುದಾನ ಇರಲಿ ಇಲ್ಲದಿರಲಿ ಈ ಕಾಯಿದೆ ಅನ್ವಯಿಸದು ಎಂದಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಹೆಚ್ಚಿನ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ವಿನಾಯಿತಿ ಶಾಶ್ವತವೆಂದು ನಂಬಿ ಕೂರುವ ಆಡಳಿತ ಮಂಡಳಿಗಳು ಇದನ್ನು ಗಮನಿಸಬೇಕು. ತೀರ್ಪು ಹೇಗೇ ಬರಲಿ, ಬಡ ಮಗುವಿಗೆ ಸ್ಥಾನ ಕೊಡಬೇಡಿ ಎಂದು ಯಾವ ನ್ಯಾಯಾಲಯವೂ ನಮಗೆ ಹೇಳಿಲ್ಲ.

ಹೊರವಲಯದ ಶಾಲೆಯ ಆಡಳಿತ ತನ್ನ ಮಟ್ಟದಲ್ಲಿ ಮಾಡಬಹುದಾದ ಕೆಲಸ ಲೆಕ್ಕದಿಂದ ಆರಂಭವಾಗಬೇಕು. ಈಗಿರುವ ಮಕ್ಕಳನ್ನು ತರಗತಿವಾರು ಬರೆದು, ಪ್ರತಿ ಮಗುವಿನ ಮನೆಯನ್ನು ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟು ಗುರುತಿಸಿ. ಬಸ್ಸಿನಲ್ಲಿ ಒಂದು ಗಂಟೆ ಕಳೆಯುವ ಮಕ್ಕಳು ಎಷ್ಟು, ನಡೆದು ಬರುವವರು ಎಷ್ಟು ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಸುತ್ತಲಿನ ಅಂಗನವಾಡಿಯಲ್ಲಿ ವಿಚಾರಿಸಿದರೆ ಎರಡು ಮೂರು ವರ್ಷದಲ್ಲಿ ಒಂದನೇ ತರಗತಿಗೆ ಬರುವವರ ಅಂದಾಜು ಸಿಗುತ್ತದೆ. ಯಾವ ಅಪಾರ್ಟ್‌ಮೆಂಟಿನಲ್ಲಿ ಜನ ಸೇರುತ್ತಿದ್ದಾರೆ ಎಂಬುದಕ್ಕೆ ಮೆಟ್ರೋ ದಾರಿಯನ್ನು ನೋಡಿದರೆ ಸಾಕು. ವೈಟ್‌ಫೀಲ್ಡಿಗೆ 2023ರಲ್ಲಿ, ಇಲೆಕ್ಟ್ರಾನಿಕ್ ಸಿಟಿ ಮಾರ್ಗವಾಗಿ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ರೈಲು ಬಂತು. ಇವೆಲ್ಲ ಕೈಗೆ ಬಂದ ಮೇಲೆ ಇನ್ನೊಂದು ವಿಭಾಗ ತೆರೆಯಬೇಕೋ, ದೂರದವರನ್ನು ಕ್ರಮೇಣ ಕಡಿಮೆ ಮಾಡಬೇಕೋ ಎಂದು ತೀರ್ಮಾನಿಸಬಹುದು. ಸಿಬಿಎಸ್‌ಇ ಒಂದು ವಿಭಾಗಕ್ಕೆ 40 ಮಕ್ಕಳೆಂಬ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ. ಶಿಫಾರಸು ಪತ್ರಕ್ಕೆ ಮಣಿದು 60 ಮಕ್ಕಳನ್ನು ತುಂಬಿಸಿದರೆ ಪತ್ರ ತಂದ ಮಗುವಿಗೂ ಅನ್ಯಾಯ.

ಆದ್ಯತೆಯ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಈಗಾಗಲೇ ಕಲಿಯುತ್ತಿರುವವರ ಒಡಹುಟ್ಟಿದವರು, ಧರ್ಮಕೇಂದ್ರದ ಮಕ್ಕಳು, ಆನಂತರ ಜಾತಿ ಮತ ನೋಡದೆ ಹತ್ತಿರದವರು. ಒಂದು ಪಾಲನ್ನು ಮೊದಲೇ ಬಡವರಿಗೆಂದು ತೆಗೆದಿಟ್ಟು, ನಿಯಮವನ್ನು ಬರೆದು ಸೂಚನಾ ಫಲಕದಲ್ಲಿ ಹಾಕಬೇಕು. ಗಡಿ ಬದಲಿಸಿದರೆ ಈಗಿರುವ ಮಕ್ಕಳನ್ನು ಹೊರಗೆ ಕಳುಹಿಸಬಾರದು, ಹೊಸ ನಿಯಮ ಹೊಸ ಪ್ರವೇಶಕ್ಕೆ ಮಾತ್ರ.

ಇಲ್ಲಿ ಬಡವರೆಂದರೆ ಯಾರು? ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಂದಿರ ಮಕ್ಕಳು, ವೈಟ್‌ಫೀಲ್ಡಿನ ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡುಗಳಲ್ಲಿರುವ ಉತ್ತರ ಕರ್ನಾಟಕದ, ಹೊರರಾಜ್ಯಗಳ ಮಕ್ಕಳು. ಕಟ್ಟಡ ಮುಗಿದೊಡನೆ ಅವರ ವಿಳಾಸ ಬದಲಾಗುತ್ತದೆ. ವಾರ್ಡಿನ ಲೆಕ್ಕದಲ್ಲಿ ಅವರಿಗೆ ನೆರೆಹೊರೆಯೇ ಇಲ್ಲ. ಅವರಿಗಾಗಿ ಟೆಂಟ್ ಶಾಲೆಗಳನ್ನು ಸರ್ಕಾರ ನಡೆಸಿದ್ದುಂಟು, ಆದರೆ ಕಾಯಿದೆ ಅದಕ್ಕಿಂತ ಮುಂದೆ ಹೋಗಿದೆ. ವಲಸೆ ಕುಟುಂಬದ ಮಕ್ಕಳಿಗೆ ಪ್ರವೇಶ ದೊರಕಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಅಂಥ ಕುಟುಂಬಗಳ ನಡುವೆ ಕೆಲಸ ಮಾಡುವ ಧರ್ಮಕೇಂದ್ರದ ಕಾರ್ಯಕರ್ತರು ಮಗುವನ್ನು ಸರ್ಕಾರಿ ಶಾಲೆಗೆ ಕರೆದೊಯ್ಯುವಾಗ ಈ ಕೆಲವನ್ನು ನೆನಪಿಡಬೇಕು. ಜನನ ಪ್ರಮಾಣಪತ್ರ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ (14ನೇ ಕಲಮು). ಜೂನ್ ಕಳೆದು ಬಂದರೂ ಸೇರಿಸಿಕೊಳ್ಳಬೇಕು (15ನೇ ಕಲಮು). ಶಾಲೆಗೇ ಹೋಗದ ಮಗುವಾದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಬೋಧನೆ ಕೊಡಬೇಕು (4ನೇ ಕಲಮು). ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ಕೇಳಿದ ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂಬುದು 5ನೇ ಕಲಮಿನಲ್ಲಿದೆ.