ನಗರದ ಹೋಟೆಲಿನಲ್ಲಿ ಗರ್ಭಿಣಿಯ ಆಹಾರ

ತಪಾಸಣೆಗೆಂದು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಹಳ್ಳಿಯಿಂದ ಬರುವ ದಂಪತಿಗಳೇ, ನಿಮ್ಮ ಸರದಿ ಮುಗಿಯುವ ವೇಳೆಗೆ ಮಧ್ಯಾಹ್ನವಾಗಿರಬಹುದು. ಹೋಟೆಲಿನ ಆಹಾರಕ್ಕೆ ಹೆದರಿ ಗರ್ಭಿಣಿಯು ಉಪವಾಸವಿರಕೂಡದು. ಆರಿಸಿ ತಿನ್ನುವುದನ್ನು ಅರಿತರೆ ಸಾಕು.

ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶೀಘ್ರವಾಗಿ ವೃದ್ಧಿಯಾಗುತ್ತವೆ. ಆದುದರಿಂದ ಹಬೆಯಾಡುವ ಇಡ್ಲಿ, ಕಾವಲಿಯಿಂದ ಆಗತಾನೇ ಎತ್ತಿದ ದೋಸೆ, ಕುದಿಯುವ ಸಾರಿನೊಡನೆ ಬಿಸಿ ಅನ್ನ ಇವು ಬಹುಮಟ್ಟಿಗೆ ನಿರಪಾಯಕರ. ದರ್ಶಿನಿಗಳಲ್ಲಿ ನಿಂತು ತಿನ್ನುವ ಇಡ್ಲಿಗಿಂತ, ಬೆಳಗಿನಿಂದ ತೆರೆದಿಟ್ಟಿರುವ ಕಾಯಿಚಟ್ನಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಚಟ್ನಿಯಿಲ್ಲದ ಇಡ್ಲಿ ಸಪ್ಪೆಯೆಂಬುದು ನಿಜವೇ. ಬಿಸಿ ಸಾಂಬಾರಿನಲ್ಲಿ ಅದ್ದಿ ತಿನ್ನಬಹುದು. ಗಾಡಿಯ ಪಾನಿಪೂರಿ, ಹೆಚ್ಚಿಟ್ಟ ಹಣ್ಣು, ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು ಬೇಡ. ಕುಡಿಯುವ ನೀರನ್ನು ಮನೆಯಲ್ಲಿಯೇ ಕುದಿಸಿ, ಆರಿಸಿ ತನ್ನಿರಿ. ಊಟದೊಡನೆ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣಾಂಶವು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತಹೀನತೆಯುಳ್ಳ ತಾಯಿಗೆ ಇದು ದೊಡ್ಡ ನಷ್ಟ.

ಇಷ್ಟಾಗಿಯೂ ಭೇದಿಯಾದರೆ, 1 ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಅಷ್ಟೇ ಪ್ರಮಾಣದ ಶುದ್ಧ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿರಿ. ಕಲಸಿದ ದ್ರವವನ್ನು 24 ಗಂಟೆಗಳಿಗಿಂತ ಹೆಚ್ಚು ಕಾಲ ಇಡಬೇಡಿರಿ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಹೊಟ್ಟೆಯಲ್ಲಿ ಮಗುವಿನ ಚಲನೆ ಕಡಿಮೆಯಾಯಿತೆಂದು ತಾಯಿ ಹೇಳಿದರೆ, ಆ ರಾತ್ರಿಯೇ ಸಮೀಪದ ಆಸ್ಪತ್ರೆಗೆ ಕರೆದೊಯ್ಯಿರಿ.